ಗೋಡೆಗೆ ತೂತು ಬಿದ್ದಿಲ್ಲ

ಮನೆ ಮಾಲೀಕರಿಗೆ, ಮೇಲಿನ ಮನೆಯ ಬಾಡಿಗೆಯವಳ ನಮಸ್ಕಾರ.

ಹಿಂದಿನ ಕೋಣೆಗೆ ವೈಫೈ ಬರುವುದಿಲ್ಲ, ಕೇಬಲ್ ಎಳೆಯಲು ಗೋಡೆಗೊಂದು ತೂತು ಕೊರೆಸಲೇ ಎಂದು ಕೇಳಿದ್ದೆ. "ಕಿವಿ ಕೇಳದ ಹುಡುಗಿಗೆ ಇಂಟರ್‌ನೆಟ್ ಯಾಕಮ್ಮಾ? ನನ್ನ ಗೋಡೆ ಮುಟ್ಬೇಡಿ" ಅಂದಿರಿ. ಮುಟ್ಟಿಲ್ಲ.

ಮಗಳು ಆ ಕೋಣೆಯಲ್ಲಿ ಕೂತು ವಿಡಿಯೊದಲ್ಲಿ ಸನ್ನೆ ಭಾಷೆ ಕಲಿಸುತ್ತಾಳೆ. ಚಿತ್ರ ನಿಂತರೆ ಅವಳ ಮಾತೇ ನಿಂತ ಹಾಗೆ. ಅದಕ್ಕೆ ಅವಳೇ ಎರಡು ಪುಟ್ಟ ಅಡಾಪ್ಟರ್ ತಂದು, ಒಂದನ್ನು ರೂಟರ್ ಪಕ್ಕದ ಸಾಕೆಟ್ಟಿಗೂ ಇನ್ನೊಂದನ್ನು ಕೋಣೆಯ ಸಾಕೆಟ್ಟಿಗೂ ಸಿಕ್ಕಿಸಿದಳು. ಈಗ ಕರೆಂಟಿನ ತಂತಿಯಲ್ಲೇ ಇಂಟರ್‌ನೆಟ್ ಓಡುತ್ತಿದೆ! ನಾನು ಜಾಣತನ ತೋರಿಸಲು ಹೋಗಿ ಕೋಣೆಯ ಅಡಾಪ್ಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಚಿತ್ರ ಮತ್ತೆ ತೊದಲಿತು. ನೇರ ಗೋಡೆಯ ಸಾಕೆಟ್ಟೇ ಆಗಬೇಕಂತೆ. ಎರಡೂ ಕೈ ಬೀಸಿ ನನ್ನನ್ನು ಚೆನ್ನಾಗಿ ಬೈದಳು.

ಕೋಣೆಯ ಆ ಸಾಕೆಟ್ ಸಡಿಲವಾಗಿದೆ, ದಯವಿಟ್ಟು ಎಲೆಕ್ಟ್ರಿಷಿಯನ್ನನ್ನು ಕಳಿಸಿ. ನೀವೂ ಬಂದು ನಿಮ್ಮ ಗೋಡೆಯನ್ನು ಕಣ್ಣಾರೆ ನೋಡಿ. ಪಾಠ ನಡೆಯುತ್ತಿದ್ದರೂ ಅಡ್ಡಿಯಿಲ್ಲ. ಎಷ್ಟು ಜೋರಾಗಿ ಬೇಕಾದರೂ ಮಾತಾಡಿ. ಕ್ಯಾಮೆರಾಗೆ ಅಡ್ಡ ಮಾತ್ರ ನಿಲ್ಲಬೇಡಿ. ಟೀಚರ್ ಬೈತಾರೆ.

ಇಂತಿ,
ಟೀಚರ್ ಅವರ ಅಮ್ಮ