ಹರಿದ ಹಾಳೆಯಲ್ಲಿ ಏನಿತ್ತು, ಮುತ್ತಜ್ಜಿ?

ಚಿತ್ರದುರ್ಗ
೨೧೩೧ನೇ ಇಸವಿ, ನೆರಳುಗಾಲದ ನಲವತ್ತನೇ ದಿನ, ಮಧ್ಯಾಹ್ನ ಎರಡು ಗಂಟೆ

ಮುತ್ತಜ್ಜಿ ನೀಲಾಂಬಿಕೆಗೆ, ನಿನ್ನ ಮರಿಮೊಮ್ಮಗಳು ಲಾಸ್ಯ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ನೀನಿನ್ನೂ ೨೦೨೬ರಲ್ಲಿದ್ದೀಯ, ನಿನಗೆ ಮೂವತ್ತಾರು, ನನಗೆ ಎಪ್ಪತ್ಮೂರು. ಮುತ್ತಜ್ಜಿ ಅನ್ನಲೋ, ಮಗಳೇ ಅನ್ನಲೋ ತಿಳಿಯುತ್ತಿಲ್ಲ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಮ್ಮಲ್ಲಿ ಕೈಬರಹ ಯಾರೂ ಕಲಿಸುವುದಿಲ್ಲ. ನಿನ್ನ ನೋಟುಬುಕ್ಕನ್ನೇ ತಿದ್ದಿ ತಿದ್ದಿ ಕಲಿತವಳು ನಾನು. ಅದಕ್ಕೇ ನನ್ನ ಅಕ್ಷರವೂ ನಿನ್ನದರ ಹಾಗೇ ಬಾಲ ಎಳೆಯುತ್ತದೆ.

ನೆರಳುಗಾಲ ಅಂದರೆ ನಮ್ಮ ಬೇಸಿಗೆ. ಬೆಳಿಗ್ಗೆ ಒಂಬತ್ತಕ್ಕೆ ಸೈರನ್ ಕೂಗಿದರೆ ಸಂಜೆ ಐದರವರೆಗೆ ಯಾರೂ ಬಿಸಿಲಿಗೆ ಕಾಲಿಡುವಂತಿಲ್ಲ. ಬಂಡೆಗಳ ಅಡಿ ಕೊರೆದ ಕಲ್ಲುಮನೆಯಲ್ಲಿ ಇಡೀ ಬೀದಿಯೇ ಸೇರುತ್ತದೆ. ಅವರೆಕಾಯಿ ಬಿಡಿಸುವವರು, ಗೊರಕೆ ಹೊಡೆಯುವವರು, ನೀರಿನ ಹಂಡೆಯ ಪಕ್ಕದ ತಂಪು ಜಾಗಕ್ಕೆ ದಿನಾ ಜಗಳ ಕಾಯುವವರು, ಎಲ್ಲ ಒಂದೇ ಕಡೆ. ನಡೆಯಲಾಗದ ಮುದುಕರನ್ನು ಮುಂಜಾನೆಯೇ ಹೊತ್ತು ತರುವುದು ಸ್ಕೌಟ್ ಹುಡುಗರ ಕೆಲಸ. ಆ ದಳದ ಮುಂದಾಳು ನನ್ನ ಮೊಮ್ಮಗಳು ಹೊಂಬಾಳೆ, ಇಪ್ಪತ್ನಾಲ್ಕರ ಹುಡುಗಿ. ಇವತ್ತು ಸಂಜೆ ಐದರ ಸೈರನ್ ಆದ ಕೂಡಲೇ ಹೋಗಿ, ಮುಂದಾಳ್ತನ ಬೇಡ ಅಂತ ಸೀಟಿ ವಾಪಸ್ ಕೊಡುತ್ತಾಳಂತೆ.

ಹೋದ ವಾರ ಅವಳು ಇನ್ನೊಬ್ಬ ಮುದುಕಿಯನ್ನೂ ಕರೆತರೋಣ ಅಂದು ಹುಡುಗರನ್ನು ಸೈರನ್ ಆದ ಮೇಲೂ ಇಪ್ಪತ್ತು ನಿಮಿಷ ನಡೆಸಿದಳು. ಮುದುಕಿ ಬಂದಳು. ಇಬ್ಬರು ಹುಡುಗರು ಬಿಸಿಲಿಗೆ ಕುಸಿದು ಬಿದ್ದರು. ಈಗ ಎದ್ದು ಓಡಾಡುತ್ತಿದ್ದಾರೆ. ಆದರೆ ಕಲ್ಲುಮನೆಯಲ್ಲಿ ಮಾತು ಶುರುವಾಗಿದೆ: "ಗಂಡುಹುಡುಗ್ರ ದಳ ಹೆಣ್ಣಿನ ಕೈಗೆ ಯಾಕ್ ಕೊಡ್ಬೇಕಿತ್ತು?" ನೂರೈದು ವರ್ಷ ಆಯ್ತು ಮುತ್ತಜ್ಜಿ, ಇವರಿಗೆ ಹೊಸ ಮಾತೂ ಸಿಗಲಿಲ್ಲವಲ್ಲ!

ನಿನ್ನ ಕಥೆ ಅವಳಿಗೆ ಓದಿ ಹೇಳಿದೆ. ಸ್ಕೌಟ್ ದಳ ನಡೆಸುತ್ತಿದ್ದ ಮೇಷ್ಟ್ರಿಗೆ ವರ್ಗವಾದಾಗ ಯಾರೂ ಮುಂದೆ ಬರದೆ ನೀನೇ ದಳ ವಹಿಸಿಕೊಂಡದ್ದು. ಮೊದಲ ಚಾರಣದಲ್ಲಿ ನೀನು ಮುಂದೆ ಹೋಗಿ ಬಂಡೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದು: ಬಾಣ ಅಂದರೆ ಈ ದಾರಿ, ಅಡ್ಡಗೀಟು ಅಂದರೆ ಬೇಡ. ಹುಡುಗರು ದಣಿವಾರಿಸಿಕೊಳ್ಳಲಿ ಅಂತ ಒಂದು ಬಂಡೆಯ ಮೇಲೆ, ದಿನಾ ಬಾಗಿಲಲ್ಲಿ ರಂಗೋಲಿ ಇಟ್ಟ ಕೈಯಲ್ಲಿ, ಒಂದು ಚುಕ್ಕಿ ಇಟ್ಟು ಸುತ್ತ ವೃತ್ತ ಎಳೆದೆ. ಸ್ಕೌಟ್ ಗುರುತಿನಲ್ಲಿ ಅದಕ್ಕೆ 'ನಾನು ಮನೆಗೆ ಹೋದೆ' ಅಂತ ಅರ್ಥ. ಹನ್ನೊಂದು ಹುಡುಗರೂ ಕಲಿತದ್ದನ್ನು ಕಲಿತ ಹಾಗೇ ಓದಿ ಮನೆಗೆ ಹೋದರು. ನೀನು ಮೇಲೆ ಮಂಡಕ್ಕಿ ಚೀಲ ಇಟ್ಟುಕೊಂಡು ಕಾದೆ, ಆಮೇಲೆ ಮಕ್ಕಳು ಕಳೆದುಹೋದರು ಅಂತ ಹೆಸರು ಕೂಗುತ್ತ ಗುಡ್ಡವೆಲ್ಲ ಅಲೆದೆ. ಊರು ನಕ್ಕಿತು: "ಮೇಡಂಗೆ ಗುಡ್ಡನೂ ಮನೆ ಹೊಸ್ತಿಲೇ!" ನೋಟುಬುಕ್ಕಿನಲ್ಲಿ ಆ ದಿನದ ಕೊನೆಯ ಸಾಲು, 'ಭಾನುವಾರ ಸೀಟಿ ಕೊಟ್ಟುಬಿಡುತ್ತೇನೆ.' ಮುಂದಿನ ಹಾಳೆಯನ್ನೇ ಹರಿದು ತೆಗೆದಿದೆ.

ಇಲ್ಲಿ ಕಲ್ಲುಮನೆಯ ಗೋಡೆಯ ಮೇಲಿರುವ ನಿನ್ನ ಫೋಟೋದಲ್ಲಿ ಮಾತ್ರ, ಹನ್ನೊಂದು ವರ್ಷ ಆದ ಮೇಲೂ, ಸೀಟಿ ನಿನ್ನ ಕೊರಳಲ್ಲೇ ಇದೆ.

ಹೊಂಬಾಳೆ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು: "ಅಜ್ಜಿ, ಅವರ ಹುಡುಗ್ರು ಮನೆ ಸೇರಿದ್ರು. ನನ್ ಹುಡುಗ್ರು ಬಿದ್ರು." ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಂಡೆಯ ತನಕ ಹೋಗುತ್ತೇನೆ, ನೀರು ಕುಡಿಯದೆ ವಾಪಸ್ ಬರುತ್ತೇನೆ. ಅವಳು ಮೂಲೆಯಲ್ಲಿ ಸೀಟಿಯ ದಾರ ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ.

ಅವಳಿಗೆ ಧೈರ್ಯದ ಮಾತು ಬೇಡ ಮುತ್ತಜ್ಜಿ, ಅದು ನನ್ನ ಹತ್ತಿರವೂ ಬೇಕಾದಷ್ಟಿದೆ. ಆ ಭಾನುವಾರ ನೀನು ಹುಡುಗರ ಎದುರು ಹೇಗೆ ನಿಂತೆ, ಮೊದಲು ಏನು ಹೇಳಿದೆ, ತಪ್ಪಾಯ್ತು ಅಂದೆಯೋ ಇಲ್ಲವೋ, ಅಷ್ಟು ಬರೆ. ಹರಿದರೆ ಹರಿ, ಎಸೆಯಬೇಡ. ಮಡಚಿ ಎಲ್ಲಾದರೂ ಇಡು. ಮುಂದೆ ಹನ್ನೊಂದು ವರ್ಷಕ್ಕೆ ಒಂದು ಫೋಟೋ ತೆಗೆಸುತ್ತೀಯ, ಅದರ ಚೌಕಟ್ಟಿನ ಹಿಂದೆ ಸೇರಿಸು.

ನೀನು ಹಾಗೆ ಮಾಡಿದ್ದರೆ ಆ ಹಾಳೆ ಇಷ್ಟು ಹೊತ್ತಿಗೆ ಇಲ್ಲೇ ಇರಬೇಕಲ್ಲ! ನಾಲ್ಕೂವರೆ ಆಯಿತು. ಪೆನ್ನು ಕೆಳಗಿಡುತ್ತೇನೆ. ಮೊಳೆಯಿಂದ ಫೋಟೋ ಇಳಿಸಲು ಹೊಂಬಾಳೆಯನ್ನೇ ಕರೆಯುತ್ತೇನೆ.