ದೇವರಕಾಡಿನ ಮಣ್ಣು, ನಿಲ್ಲದ ನಾಯಿ

೧೯ ಜನವರಿ ೧೯೫೮, ಭಾನುವಾರ. ಚೇರಂಬಾಣೆ

ಮತ್ತೆ ಅದೇ ಅರ್ಜಿ. ಮೂರನೇ ಸಲ ಬರೆದದ್ದು. ಎರಡನೇ ಪ್ರತಿಯ ಮೇಲೆ ಅವ್ವ ಮೆಣಸಿನಕಾಯಿ ಒಣಹಾಕಿದ್ದಳು.

ಸ್ಕಾಟ್ಲೆಂಡಿನಲ್ಲಿ ಎರಡು ವರ್ಷ. ಕಾಡು ಮತ್ತು ಮಣ್ಣಿನ ಸಂರಕ್ಷಣೆ, ಎಂ.ಎಸ್ಸಿ. ಇಡೀ ಮೈಸೂರು ರಾಜ್ಯಕ್ಕೆ ಒಂದೇ ಸೀಟು. ಮಡಿಕೇರಿ ಕಾಲೇಜಿನಲ್ಲಿ ನಾಲ್ಕು ವರ್ಷದಿಂದ ಬಾಟನಿ ಡೆಮಾನ್‌ಸ್ಟ್ರೇಟರ್ ಆಗಿ ದಾಸವಾಳ ಕೊಯ್ದು ತೋರಿಸುತ್ತಿದ್ದೇನೆ. ಈ ಸೀಟು ಸಿಗದಿದ್ದರೆ ದಾಸವಾಳದ ಜೊತೆಗೇ ಮುದುಕಿಯಾಗುತ್ತೇನೆ.

ಇಂಟರ್‌ವ್ಯೂಗೆ ಎರಡು ಬಗೆಯ ಮಣ್ಣು ತರಬೇಕಂತೆ. ಒಂದು ಬೆಳೆ ತೆಗೆಯುವ ಜಾಗದ್ದು. ಇನ್ನೊಂದು ಮನುಷ್ಯರ ಕೈ ಸೋಕದ ಕಾಡಿನದು. ಮೊದಲನೆಯದು ಸುಲಭ, ಪಕ್ಕದಲ್ಲೇ ಪದ್ಮಯ್ಯ ಮಾವನ ಕಾಫಿ ಎಸ್ಟೇಟ್. ಆದರೆ ಕೈ ಸೋಕದ ಕಾಡು? ಸುತ್ತ ಎಲ್ಲಿ ನೋಡಿದರೂ ಕಾಫಿ. ಉಳಿದಿರುವುದು ಅಯ್ಯಪ್ಪನ ದೇವರಕಾಡು ಒಂದೇ. ಅಲ್ಲಿಂದ ಒಣಕಡ್ಡಿಯನ್ನೂ ತರುವಂತಿಲ್ಲ. ಅದನ್ನು ಕಾಯುವ ದೇವತಕ್ಕರು ಯಾರು? ನಮ್ಮ ಬೆಳ್ಯಪ್ಪಜ್ಜ. ಕೇಳಿದರೆ ಇಲ್ಲ ಅನ್ನುತ್ತಾರೆ. ಕೇಳದೇ ಇದ್ದರೆ…

೨೬ ಜನವರಿ

ಕೇಳಲಿಲ್ಲ.

ಬಿಸ್ಕತ್ತಿನ ಡಬ್ಬಿ ತುಂಬ ದೇವರಕಾಡಿನ ಮಣ್ಣು ಎತ್ತಿದೆ. ಎತ್ತುವಾಗ ಅಯ್ಯಪ್ಪನಿಗೆ ತಪ್ಪಾಯಿತು ಅಂದೆ — ಇಂಗ್ಲಿಷಿನಲ್ಲಿ. ಪೂರ್ತಿ ಅರ್ಥವಾಗದಿರಲಿ ಅಂತ.

ಅಯ್ಯಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಬೇಲಿಯಾಚೆ ನಿಂತಿದ್ದ ಪದ್ಮಯ್ಯ ಮಾವನಿಗೆ ಅರ್ಥವಾಯಿತು. ಬೆಳಿಗ್ಗೆ ತನ್ನ ತೋಟದ ಮಣ್ಣನ್ನು ಒಂದು ಕುಕ್ಕೆ ತುಂಬ ನಗುನಗುತ್ತಾ ಕೊಟ್ಟ ಅದೇ ಮನುಷ್ಯ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅಜ್ಜನನ್ನು ಮುಟ್ಟಿತ್ತು.

೨ ಫೆಬ್ರವರಿ

ನಮ್ಮ ಜಗಲಿಯಲ್ಲೇ ಪಂಚಾಯಿತಿ. ನಮ್ಮ ಅಜ್ಜನೇ ನ್ಯಾಯ ಹೇಳುವವರು, ನಮ್ಮ ಅವ್ವನೇ ಕಾಫಿ ಕೊಡುವವಳು, ಕಳ್ಳಿ ನಾನು. ಎಲ್ಲರೂ ಎರಡೆರಡು ಸಲ ಕಾಫಿ ಕುಡಿದರು.

ಅಯ್ಯಪ್ಪ ಬೇಟೆಯ ದೇವರು. ತಪ್ಪು ಮಾಡಿದವರು ಅವನಿಗೆ ಮಣ್ಣಿನ ನಾಯಿ ಒಪ್ಪಿಸುವುದು ಇಲ್ಲಿಯ ರೂಢಿ. ಸರಿ, ಒಂದು ನಾಯಿ ತಾನೇ, ಕುಂಬಾರ ಮಾಯಿಲಪ್ಪನಿಗೆ ಹೇಳಿದರಾಯಿತು ಅಂದುಕೊಂಡೆ. ಅಜ್ಜ ಬಿಡಲಿಲ್ಲ.

“ನೀ ಎತ್ತಿದ್ ಯಾವ ಮಣ್ಣ್? ಅದೇ ಮಣ್ಣ್‌ಲಿ ನಾಯಿ ಮಾಡಿ ಒಪ್ಸೊಕು.”

ನನ್ನ ಸ್ಯಾಂಪಲ್! ಬೇಕಾದರೆ ಹತ್ತು ನಾಯಿ ಕೊಡುತ್ತೇನೆ, ಬೇರೆ ಮಣ್ಣಿನದು ಅಂದೆ. ಆಗಲ್ಲ. ಅಪ್ಪ ಇಲ್ಲದ ಕಾರಣ ಅರ್ಜಿಯಲ್ಲಿ ಪೋಷಕರ ಸಹಿಯೂ ಅಜ್ಜನದೇ ಆಗಬೇಕು. ನಾಯಿ ಆಗುವವರೆಗೆ ಸಹಿ ಇಲ್ಲ. ಅಳು ಬಂತು. ಪದ್ಮಯ್ಯ ಮಾವ ಎದುರಿಗಿದ್ದರು ಅಂತ ಅಳಲಿಲ್ಲ.

೯ ಫೆಬ್ರವರಿ

ನಾಯಿ ನಿಲ್ಲುತ್ತಿಲ್ಲ.

ಅರ್ಧ ಡಬ್ಬಿ ಮಣ್ಣು ಕಲಸಿದ್ದು. ಮೊದಲ ಸಲ ನಾಲ್ಕೂ ಕಾಲು ಕುಸಿದವು. ಎರಡನೇ ಸಲ ತಲೆ ಬಿತ್ತು. ಮೂರನೇ ಸಲ ಎಲ್ಲ ಸರಿಯಿತ್ತು, ಮಾಯಿಲಪ್ಪ ಬೀಡಿ ಹಚ್ಚಿದ, ಅಷ್ಟರಲ್ಲಿ ನಾಯಿ ಮಲಗಿಬಿಟ್ಟಿತು. ಮೂವತ್ತು ವರ್ಷದಿಂದ ಅಯ್ಯಪ್ಪನಿಗೆ ನಾಯಿ ಮಾಡುವ ಮನುಷ್ಯ, ಮುಖ ನೋಡಲಾಗಲಿಲ್ಲ. ಇದು ಮಣ್ಣೇ ಅಲ್ಲ, ಬರೀ ಕೊಳೆತ ಎಲೆ ಅಂತ ಗೊಣಗಿದ. ಮಾನ ಉಳಿಸಿಕೊಳ್ಳಲೆಂದು ನನ್ನ ಕುಕ್ಕೆಯಿಂದ ಪದ್ಮಯ್ಯ ಮಾವನ ತೋಟದ ಮಣ್ಣು ತೆಗೆದು ಬೇರೆಯಾಗಿ ಕಲಸಿದ. ಒಂದೇ ಏಟಿಗೆ ನಾಯಿ ಎದ್ದು ನಿಂತಿತು. ಬಾಲ ಸಮೇತ.

ಪದ್ಮಯ್ಯ ಮಾವನಿಗೆ ಹಿಡಿಸಲಾರದಷ್ಟು ಖುಷಿ. ತನ್ನ ಎಸ್ಟೇಟಿನ ಮಣ್ಣೇ ಮಣ್ಣು ಅಂತ ಸಂತೆಯಲ್ಲೆಲ್ಲ ಸಾರಿ ಬಂದರು.

ನನಗೆ ಸಿಟ್ಟು ಬಂತು. ಮನೆಗೆ ಬಂದು ಕೈ ತೊಳೆಯುತ್ತಿದ್ದೆ. ಒಂದು ಕೈಗೆ ಮೆತ್ತಿದ್ದ ಕಾಡಿನ ಮಣ್ಣು ಉದುರಿ ಹೋಯಿತು. ಇನ್ನೊಂದು ಕೈಯ ತೋಟದ ಮಣ್ಣು ಉಜ್ಜಿದರೂ ಬಿಡದು — ಅಯ್ಯೋ, ನಾನೆಂಥ ದಡ್ಡಿ! ಇಂಟರ್‌ವ್ಯೂಗೆ ಬೇಕಾದ ಉತ್ತರ ಅಲ್ಲೇ ಇತ್ತು!

೧೬ ಫೆಬ್ರವರಿ

ಅಜ್ಜನನ್ನು ಅಂಗಳಕ್ಕೆ ಕರೆದು ಕೂರಿಸಿದೆ. ಎರಡು ಜರಡಿ, ಎರಡು ಬಗೆಯ ಮಣ್ಣು. ಮೇಲಿಂದ ಒಂದೊಂದು ಚೊಂಬು ನೀರು. ದೇವರಕಾಡಿನ ಮಣ್ಣು ಅಷ್ಟೂ ನೀರು ಕುಡಿದು ಸುಮ್ಮನಾಯಿತು. ಮಾವನ ಮಣ್ಣಿನ ಮೇಲೆ ನೀರು ನಿಂತು, ಕೆಂಪಾಗಿ ಅಂಗಳಕ್ಕೆ ಹರಿಯಿತು. ನಾಯಿ ನಿಲ್ಲುವುದು ಮೇಲ್ಮಣ್ಣು ಹೋಗಿ ಬರೀ ಅಡಿಯ ಜೇಡಿಮಣ್ಣು ಉಳಿದಲ್ಲಿ ಅಂತ ಹೇಳಿದೆ.

ಅಜ್ಜ ಬಗ್ಗಿ ಆ ಕೆಂಪು ನೀರಿಗೆ ಬೆರಳು ಅದ್ದಿದರು.

“ಹಂಗಾರೆ ಪದ್ಮಯ್ಯನ ತೋಟದ ಮೇಲ್ಮಣ್ಣ್ ಎಲ್ಲಿ ಹೋತ್?”

“ಕಾವೇರಿಗೆ, ಅಜ್ಜ.”

ಆಮೇಲೆ ಹೊಸ ನ್ಯಾಯ ಆಯಿತು. ನಾಯಿ ಆಗಲು ಒಪ್ಪದ ಮಣ್ಣು ಮಣ್ಣಾಗಿಯೇ ವಾಪಸ್ ಹೋಗಲಿ. ಇಂಟರ್‌ವ್ಯೂವರೆಗೆ ಮಾತ್ರ ನನ್ನ ಹತ್ತಿರ ಇರಬಹುದು. ಒಂದು ಚಿಟಿಕೆಯೂ ಕಡಿಮೆಯಾಗಬಾರದು. ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ, ಸ್ಕಾಟ್ಲೆಂಡಿನಲ್ಲಿ ಎಷ್ಟು ಸಲ ಕಾಡಿನ ಮಣ್ಣು ಎತ್ತಬೇಕಾದೀತು ಅಂತ ಸುಮ್ಮನೆ ಕೇಳಿದರು. ವಾರಕ್ಕೊಮ್ಮೆಯಾದರೂ ಅಂದೆ. ತಲೆಯಾಡಿಸಿದರು.

೧೪ ಮಾರ್ಚ್. ಬೆಂಗಳೂರು

ಉಳಿದವರೆಲ್ಲ ಗಾಜಿನ ನಳಿಗೆಯಲ್ಲಿ ಲೇಬಲ್ ಅಂಟಿಸಿ ತಂದಿದ್ದರು. ನಾನು ಮೇಜಿನ ಮೇಲೆ ಮೊದಲು ತೋಟದ ಮಣ್ಣಿನ ನಿಂತ ನಾಯಿಯನ್ನು ಇಟ್ಟೆ, ಅದರ ಪಕ್ಕ ಬಿದ್ದ ನಾಯಿಯ ಗುಡ್ಡೆ. ಗುಡ್ಡೆಯ ಮೇಲೆ ಒಂದು ಕಿವಿ ಉಳಿದಿತ್ತು. ಎದುರಿಗಿದ್ದ ಮೂವರು ದೊಡ್ಡ ಮನುಷ್ಯರು ಕುರ್ಚಿ ಮುಂದಕ್ಕೆಳೆದು ನೋಡಿದರು. ಒಂದೂ ಬಿಡದೆ ಹೇಳಿದೆ — ಅಜ್ಜ, ಮಾಯಿಲಪ್ಪ, ಬೀಡಿ, ಎಲ್ಲ. ನಡುವೆ ಯಾವಾಗಲೋ ಅವರು ನಗತೊಡಗಿದ್ದರು.

ಚೇರ್ಮನ್ನರು ಎರಡನ್ನೂ ಇಲ್ಲೇ ಬಿಟ್ಟುಹೋಗಿ, ಮ್ಯೂಸಿಯಮ್ಮಿಗಾಗುತ್ತದೆ ಅಂದರು. ನಾಯಿ ಬೇಕಾದರೆ ಇಟ್ಟುಕೊಳ್ಳಿ ಸಾರ್, ಗುಡ್ಡೆ ಆಗುವುದಿಲ್ಲ, ಅಜ್ಜನಿಗೆ ಮಾತು ಕೊಟ್ಟಿದ್ದೇನೆ ಅಂದೆ. ಮೇಜಿನ ಮೇಲೆ ಉಳಿದದ್ದನ್ನೂ ಕರ್ಚೀಫಿನಲ್ಲಿ ಒರೆಸಿಕೊಂಡೆ. ಸೀಟು ಹೋಯಿತು ಅಂತಲೇ ಅಂದುಕೊಂಡು ಬಸ್ಸು ಹತ್ತಿದೆ.

೧೬ ಮಾರ್ಚ್. ಚೇರಂಬಾಣೆ

ಮಣ್ಣು ಎತ್ತಿದಲ್ಲೇ ಸುರಿದೆ. ಅಜ್ಜ ಕರ್ಚೀಫನ್ನೂ ಕೊಡವಿಸಿದರು.

೩೦ ಮೇ

ಸಿಕ್ಕಿತು!! ಸಿಕ್ಕಿತು!

ಅಂಚೆಯವನ ಎದುರೇ ಕುಣಿದೆ. ಅಲ್ಲಿ ಅನ್ನ ಸಿಕ್ಕುತ್ತದಾ ಅಂತ ಅವ್ವನ ಮೊದಲ ಪ್ರಶ್ನೆ. ಗೆದ್ದದ್ದು ತನ್ನ ನಾಯಿಯಿಂದ ಅಂತ ಪದ್ಮಯ್ಯ ಮಾವ ಊರಿಡೀ ಹೇಳುತ್ತಿದ್ದಾರೆ. ಆದರೆ ಅಜ್ಜ ಅವರಿಗೆ ಅದೇನು ಹೇಳಿದರೋ, ಮಳೆಗೆ ಮೊದಲೇ ತೋಟದ ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಅಡ್ಡಕ್ಕೆ ಕಣಿ ತೋಡಿಸುತ್ತಿದ್ದಾರೆ. ತೋಡಿದ ಮಣ್ಣು ಕುಕ್ಕೆಗಟ್ಟಲೆ ಮಾಯಿಲಪ್ಪನ ಮನೆಗೆ ಹೋಗುತ್ತಿದೆ. ಯಾಕೋ ಗೊತ್ತಿಲ್ಲ.

೪ ಸೆಪ್ಟೆಂಬರ್. ಮಡಿಕೇರಿ ಬಸ್ ಸ್ಟ್ಯಾಂಡ್

ಯಾಕೆಂದು ಈಗ ಗೊತ್ತಾಯಿತು.

ಬಸ್ಸಿನೊಳಗೆ ಕೂತು ಬರೆಯುತ್ತಿದ್ದೇನೆ. ಒಂದು ಟ್ರಂಕ್, ಒಂದು ಹಾಸಿಗೆ ಸುರುಳಿ ಅಷ್ಟೇ ಅಂದುಕೊಂಡಿದ್ದೆ. ಹಿಂದೆಯೇ ಅಜ್ಜ ಬಂದರು, ಕೊಡಗಿನ ಕಪ್ಪು ನಿಲುವಂಗಿ ಕುಪ್ಪಸ ತೊಟ್ಟು, ಪೇಟ ಸುತ್ತಿ. ಅವರ ಹಿಂದೆ ಮಾಯಿಲಪ್ಪ, ಎರಡು ಗೋಣಿಮೂಟೆ. ಬಿಚ್ಚಿ ನೋಡಿದೆ. ಒಣಹುಲ್ಲಿನ ನಡುವೆ ಬರೀ ನಾಯಿ. ಹೆಬ್ಬೆರಳಿನಷ್ಟು ಪುಟ್ಟವು. ಒಂದೂ ಬೀಳದೆ ನಿಂತವು.

“ನೂರನಾಲ್ಕ್ ನಾಯಿ ಉಟ್ಟು. ವಾರಕ್ಕೊಂದು, ಎರಡ್ ವರ್ಷಕ್ಕೆ. ಅಲ್ಲಿನ ಕಾಡಿನ ದೇವ್ರ್ ಯಾರೋ ನಂಗೆ ಗೊತ್ತಿಲ್ಲೆ ಮಗಳೇ. ಮಣ್ಣ್ ಎತ್ತುವ ಮೊದ್ಲೇ ಒಂದ್ ಕೊಟ್ಟ್ ಬುಡು.”

ಹಡಗಿನಲ್ಲಿ ಲಗೇಜಿಗೆ ಮಿತಿ ಇದೆ ಅಂತ ಹೇಳಲು ಬಾಯಿ ತೆರೆದೆ. ಅಜ್ಜನ ಕಣ್ಣು ನೋಡಿದೆ. ಬಾಯಿ ಮುಚ್ಚಿದೆ. ಈಗ ಅಳು ನಿಲ್ಲುತ್ತಿಲ್ಲ, ನಗುವೂ ನಿಲ್ಲುತ್ತಿಲ್ಲ.

ಕಂಡಕ್ಟರ್ ಕಿಟಕಿಯ ಹತ್ತಿರ ಬಂದು, ಆ ಮೂಟೆಯಲ್ಲಿ ಏನಮ್ಮ, ಬಸ್ಸಿನ ಮೇಲೆ ಎಸೆಯಬಹುದಾ ಅಂತ ಕೇಳುತ್ತಿದ್ದಾನೆ. ಇಲ್ಲಪ್ಪ, ಎಸೆಯಬೇಡ, ನನ್ನ ತೊಡೆಯ ಮೇಲೇ —