ವಾಪಸ್ ಬಂದ ಕಾಯಿಲ್

ವಿದ್ಯಾರಣ್ಯಪುರ,
ಬೆಳಿಗ್ಗೆ ಹನ್ನೊಂದು ಗಂಟೆ

ರಾಧಾಮಣಿ ಮೇಡಂ ಅವರಿಗೆ,

ನಿನ್ನೆ ಯಲಹಂಕದ ನಮ್ಮ ಅಂಗಡಿಯಲ್ಲಿ ನೀವು ಕೊಂಡ ನೀರು ಕಾಯಿಸುವ ಕಾಯಿಲನ್ನು ದಯವಿಟ್ಟು ಬಳಸಬೇಡಿ. ಶಾಕ್ ಹೊಡೆಯುತ್ತದೆಂದು ಹೋದ ವಾರ ಒಬ್ಬರು ಅದನ್ನು ಹಿಂದಿರುಗಿಸಿದ್ದರು. ಮೊದಲೆಲ್ಲ ಇಂಥ ಸಾಮಾನಿಗೆ, ಮತ್ತೆ ಮಾರಬಾರದೆಂದು ನಾನು ಕೆಂಪು ದಾರ ಕಟ್ಟುತ್ತಿದ್ದೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಮ್ಯಾನೇಜರ್, "ದಾರ ಯಾಕಮ್ಮಾ, ಗೋಡೌನಿಗೆ ಸಿಸ್ಟಮ್ಮೇ ಹೇಳುತ್ತೆ" ಅಂದರು. ನಾನು ಕಟ್ಟಲಿಲ್ಲ. ಕಾಯಿಲ್ ವಾಪಸ್ ಬಂದದ್ದು ಗೋಡೌನಿನ ಕಂಪ್ಯೂಟರಿಗೆ ಗೊತ್ತಾಯಿತು. ಯಾಕೆ ಬಂತೆಂದು ಗೊತ್ತಾಗಲೇ ಇಲ್ಲ; ಅದು ಮತ್ತೆ ಮಾರಾಟಕ್ಕೆ ಬಂತು.

ನಿಮ್ಮ ಫೋನ್ ಸ್ವಿಚ್ ಆಫ್. ಬಿಲ್ಲಿನ ವಿಳಾಸ ಹಿಡಿದು ಬಂದರೆ ಮನೆಗೆ ಬೀಗ. ಹಗ್ಗದ ಮೇಲೆ ಮಗುವಿನ ಬಟ್ಟೆಗಳು ಒಣಗುತ್ತಿವೆ.

ಹೊರಗಿನ ಮೇನ್ ಸ್ವಿಚ್ ನಾನೇ ಆಫ್ ಮಾಡಿದ್ದೇನೆ, ಕ್ಷಮಿಸಿ. ಈ ಪತ್ರವನ್ನು ಆ ಸ್ವಿಚ್ಚಿಗೇ ಕೆಂಪು ದಾರದಲ್ಲಿ ಕಟ್ಟಿ ಹೋಗುತ್ತಿದ್ದೇನೆ.

ಇಂತಿ,
ಭಾಗ್ಯಶ್ರೀ
ರಿಟರ್ನ್ ಕೌಂಟರ್